ಕಂಬಳಿ ಕಳವಿನ ಕೇಸು

೧೯೬೨ನೇ ಇಸವಿ ಜನವರಿಯಲ್ಲಿ ನನ್ನನ್ನು ಹೊಸನಗರ ತಾಲ್ಲೂಕಿನ ಒಂದು ಪೊಲೀಸ್ ಸ್ಟೇಷನ್ನಿಗೆ ಸಬ್ ಇನ್ಸ್‌ಪೆಕ್ಟರ್ ಆಗಿ ಹಾಕಿದರು. ಸ್ಟೇಷನ್ನಿನ ಹೆಸರು ಬೇಡ. ಅಲ್ಲಿ ಆದ ತಪ್ಪು ನನ್ನದು, ಊರಿನದಲ್ಲ. ನನಗಾಗ ಇಪ್ಪತ್ತೇಳು ವರ್ಷ, ಹುಟ್ಟೂರು ಮಂಡ್ಯದ ಕಡೆ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಕಾನೂನು ಪುಸ್ತಕ ಬಾಯಿಪಾಠ ಮಾಡಿದ್ದೇನೆ, ಇನ್ನು ನನಗೆ ಹೇಳಿಕೊಡುವವರು ಯಾರಿದ್ದಾರೆ ಎಂಬ ಜಂಬ ಬೇರೆ. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಫೆಬ್ರವರಿ ಮೊದಲ ವಾರದಲ್ಲಿ ಒಬ್ಬ ದೊಡ್ಡ ಜಮೀನುದಾರರು ಸ್ಟೇಷನ್ನಿಗೆ ಬಂದರು. ಸುತ್ತಲಿನವರೆಲ್ಲ ಅವರನ್ನು ‘ಒಡೆಯರು’ ಎನ್ನುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ. ಅವರ ದೂರು ಇಷ್ಟೇ: ಮನೆಯ ಆಳು ತಿಮ್ಮ ಎಂಬುವನು ಒಂದು ಕಂಬಳಿ, ಒಂದು ಕತ್ತಿ ಕದ್ದುಕೊಂಡು ಓಡಿಹೋಗಿದ್ದಾನೆ. ಅಷ್ಟು ದೊಡ್ಡ ಮನುಷ್ಯ ಒಂದು ಕಂಬಳಿಗಾಗಿ ಗಾಡಿ ಕಟ್ಟಿಸಿಕೊಂಡು ಬರುವುದೆಂದರೆ ಏನೋ ಇರಬೇಕು ಎಂದು ಯಾರಿಗಾದರೂ ಅನ್ನಿಸಬೇಕಿತ್ತು. ನನಗೆ ಅನ್ನಿಸಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜಾತಿಯವನು ನಾನು. ಪೀನಲ್ ಕೋಡಿನ ೩೮೧ನೇ ಸೆಕ್ಷನ್, ಅಂದರೆ ನೌಕರನು ಯಜಮಾನನ ಸ್ವತ್ತನ್ನು ಕದಿಯುವ ಅಪರಾಧ, ಏಳು ವರ್ಷದ ತನಕ ಶಿಕ್ಷೆ. ಅದರಡಿ ಕೇಸು ಬರೆಸಿದೆ.

ನಮ್ಮ ದಫೇದಾರರು ಇಪ್ಪತ್ತು ವರ್ಷ ಅದೇ ಸೀಮೆಯಲ್ಲಿ ಸವೆದವರು. ಬರೆಯುತ್ತಾ ನಕ್ಕರು.

“ವರ್ಷಕ್ಕೆ ಇಂಥವು ಒಂದೆರಡು ಬರ್ತಾವೆ ಸಾರ್. ಆಳು ಸಿಕ್ಕಿದ ಮೇಲೆ ಕೇಸು ಬೇಡ ಅಂತ ಅವ್ರೇ ಬರ್ಕೊಡ್ತಾರೆ.”

ಹಾಗಾದರೆ ಕೆಲಸ ಸುಲಭ ಎಂದುಕೊಂಡೆನೇ ಹೊರತು ಯಾಕೆ ಬರೆದುಕೊಡುತ್ತಾರೆ ಎಂದು ಕೇಳಲಿಲ್ಲ.

ಆ ಕಾಲದಲ್ಲಿ ಓಡಿಹೋದವರೆಲ್ಲ ಹೋಗುತ್ತಿದ್ದದ್ದು ಒಂದೇ ಕಡೆ. ಲಿಂಗನಮಕ್ಕಿಯಲ್ಲಿ ಅಣೆಕಟ್ಟೆಯ ಕೆಲಸ ಭರದಿಂದ ನಡೆದಿತ್ತು. ಕಲ್ಲು ಹೊರುವವನ ಹಿಂದುಮುಂದು ಅಲ್ಲಿ ಯಾರೂ ವಿಚಾರಿಸುತ್ತಿರಲಿಲ್ಲ. ದಫೇದಾರರನ್ನು ಕರೆದುಕೊಂಡು ಸಾಗರಕ್ಕೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಕಾರ್ಗಲ್ಲಿಗೆ ಹೋದೆ. ಕೂಲಿಕಾರರ ಲೈನುಗಳಲ್ಲಿ ಎರಡು ದಿನ ಹುಡುಕಿದ ಮೇಲೆ ತಿಮ್ಮ ಸಿಕ್ಕಿದ. ಸುಮಾರು ನನ್ನದೇ ವಯಸ್ಸು. ಹಾಜರಿ ಪುಸ್ತಕದಲ್ಲಿ ತಿಮ್ಮಪ್ಪ ಎಂದು ಬರೆಸಿದ್ದ. ಓವರ್ಸಿಯರ್ ಅವನನ್ನು “ತಿಮ್ಮಪ್ಪಾ, ಬಾರಪ್ಪ” ಎಂದು ಕರೆದರು. ನಾನು “ಏ ತಿಮ್ಮ” ಎಂದೆ. ಅವನು ತಲೆ ಮೇಲಿನ ಕಲ್ಲನ್ನು ಇಳಿಸಿ ಕೈಕಟ್ಟಿ ನಿಂತ.

“ನಾ ಕದ್ದಿಲ್ಲ ಬುದ್ದಿ. ವರ್ಸಕ್ಕೊಂದು ಕಂಬ್ಳಿ, ಒಂದು ಕತ್ತಿ ಅವ್ರೇ ಕೊಡಾದು. ಹೊದ್ಕಂಡಿದ್ದ ಹಂಗೇ ಬಂದೆ.”

“ಅದನ್ನ ಕೋರ್ಟಿನಲ್ಲಿ ಹೇಳು” ಎಂದು ಕೋಳ ಹಾಕಿಸಿದೆ. ಕಂಬಳಿ, ಕತ್ತಿಗಳನ್ನು ಮಹಜರು ಮಾಡಿ ಮುದ್ದೆಮಾಲು, ಅಂದರೆ ಕಳವಿನ ವಸ್ತು ಎಂದು ವಶಪಡಿಸಿಕೊಂಡೆ. ಕೋರ್ಟು ಎಂಬ ಮಾತು ಕೇಳಿದ್ದೇ ಅವನ ಮುಖ ಅರಳಿತು.

“ನನ್ನ ಕೋರ್ಟಿಗೇ ಒಪ್ಪುಸ್ತೀರಾ ಬುದ್ದಿ? ಒಡೇರಿಗಲ್ಲ ತಾನೆ?”

“ಕೋರ್ಟಿಗೇ ಕಣೋ.”

“ಹಂಗಾರೆ ಬತ್ತೀನಿ” ಎಂದು ಮುಂದೆ ಮುಂದೆ ನಡೆದ. ಜೈಲಿಗೆ ಇಷ್ಟು ಹುರುಪಿನಿಂದ ಹೊರಟವನನ್ನು ನಾನು ಮೊದಲ ಸಲ ನೋಡಿದ್ದು.

ಸಾಗರದಿಂದ ಹಿಂದಿರುಗುವ ಬಸ್ಸಿನಲ್ಲಿ ಅವನೇ ಬಾಯಿಬಿಟ್ಟ. ಅವನು ಹುಟ್ಟಾಳು. ಅಪ್ಪ, ಅಜ್ಜ ಎಲ್ಲ ಆ ಮನೆಗೇ ದುಡಿದು ಅಲ್ಲೇ ಸತ್ತವರು. ಅವನ ಮದುವೆಯನ್ನು ಒಡೆಯರೇ ಮಾಡಿಸಿದ್ದರು. ಹಾಗೆ ಮಾಡಿಸಿದ ಮೇಲೆ ಹೆಂಡತಿ ಚೌಡಿಯೂ ಆ ಮನೆಯವಳೇ. ಈಗ ಅವಳು ತುಂಬು ಬಸುರಿ. ಆಳಿನ ಬಿಡಾರದಲ್ಲಿ ಕೂಸು ಹುಟ್ಟಿದರೆ ಆರನೇ ದಿನ ಒಡೆಯರ ಮನೆಯಿಂದ ಒಂದು ತುಂಡು ಬಟ್ಟೆ, ಒಂದು ಸೇರು ಅಕ್ಕಿ ಬರುತ್ತದೆ. ದೊಡ್ಡ ಅಮ್ಮನವರು ಬಂದು ಬಾಗಿಲ ಹೊರಗೆ ನಿಂತು ಕೂಸಿಗೆ ಹೆಸರಿಡುತ್ತಾರೆ. ಆ ಬಟ್ಟೆ ಮೈಮೇಲೆ ಬಿದ್ದ ಕೂಸು ಮುಂದೆ ಆ ಮನೆಯ ಹುಟ್ಟಾಳು.

“ಆರು ದಿನದೊಳಗೆ ಕೂಸಿನ ಅಲ್ಲಿಂದ ದಾಟುಸ್ಬೇಕು ಅಂತ ಬಂದೆ ಬುದ್ದಿ. ಲೈನ್ನಾಗೆ ಒಂದು ತಡಿಕೆ ಮನೆ ಕೊಡ್ತೀನಿ ಅಂದಾರೆ. ನಮ್ದಂತೂ ಆತು. ಕೂಸಿಂದು ಹಂಗಾಗದು ಬ್ಯಾಡ.”

ನಾನು ಕೇಳಿಸಿಕೊಂಡೆ. ಪಾಪ ಎಂದೂ ಅನ್ನಿಸಿತು. ಆದರೆ ಇದೆಲ್ಲ ಹಳೇ ಕಾಲದ ಪದ್ಧತಿ, ಕಾನೂನಿಗೆ ಸಂಬಂಧಿಸಿದ್ದಲ್ಲ ಎಂದು ಕಿಟಕಿಯಾಚೆ ನೋಡುತ್ತಾ ಕುಳಿತೆ. ನನ್ನ ಬುದ್ಧಿಗಿಷ್ಟು!

ಸ್ಟೇಷನ್ನಿಗೆ ಬರುವಷ್ಟರಲ್ಲಿ ಒಡೆಯರ ಗಾಡಿ ಹೊರಗೆ ನಿಂತಿತ್ತು. ಯಾರು ಸುದ್ದಿ ಕೊಟ್ಟರೋ ತಿಳಿಯದು. ಅವರು ಎದ್ದು ನಿಂತು ನಮಸ್ಕಾರ ಮಾಡಿದರು.

“ಬಡವ, ಬುದ್ಧಿಯಿಲ್ಲದೆ ಮಾಡಿದಾನೆ. ಜೈಲು ಗೀಲು ಬೇಡ ಇನ್ಸ್‌ಪೆಕ್ಟ್ರೇ. ಕಂಬಳಿ ನಾನೇ ಕೊಟ್ಟಿದ್ದು, ಮರೆತಿದ್ದೆ ಅಂತ ಬರ್ಕೊಡ್ತೀನಿ. ನಮ್ಮ ಸಂಗಡ ಕಳಿಸ್ಕೊಡಿ.”

ನನಗೆ ನಿಜವಾಗಿ ಸಂತೋಷವಾಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಏಳು ವರ್ಷದ ಕೇಸಿನಿಂದ ಒಬ್ಬ ಬಡವನನ್ನು ಪಾರು ಮಾಡಿದೆ ಎಂದು ಹಿಗ್ಗಿದೆ. ಹೇಳಿಕೆ ಬರೆಸಿಕೊಂಡು ಕೋಳ ಬಿಚ್ಚಿಸಿದೆ. ತಿಮ್ಮ ಒಡೆಯರ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಬೂಟಿನ ಮೇಲೆ ಬಿದ್ದ.

“ಜೈಲಿಗೇ ಹಾಕಿ ಬುದ್ದಿ! ನಾ ಕದ್ದೀನಿ. ಕದ್ದೀನಿ ಅಂತ ಬರ್ಕಳಿ! ಕೋರ್ಟು ಅಂದ್ರಲ್ಲ ಬುದ್ದಿ!”

“ಜೈಲು ಅಂದರೆ ಮಾವನ ಮನೆ ಅಂದುಕೊಂಡೆಯೇನೋ? ಏಳು ಮೇಲೆ!” ಎಂದು ಗದರಿಸಿದೆ. ಒಡೆಯರ ಇಬ್ಬರು ಆಳುಗಳು ಅವನ ರಟ್ಟೆ ಹಿಡಿದು ಎಬ್ಬಿಸಿ ಗಾಡಿಯ ಹಿಂದೆ ನಡೆಸಿಕೊಂಡು ಹೋದರು. ಅವನು ತಿರುವು ದಾಟುವ ತನಕ ಹಿಂದಕ್ಕೆ ನೋಡುತ್ತಲೇ ಇದ್ದ. ನಾನು ಊಟಕ್ಕೆ ಹೋದೆ.

ದೂರು ತಪ್ಪು ತಿಳುವಳಿಕೆಯಿಂದ ಕೊಟ್ಟದ್ದು ಎಂದಾದರೆ ಪೊಲೀಸರು ಕೋರ್ಟಿಗೆ ಸಲ್ಲಿಸುವ ಕಾಗದಕ್ಕೆ ಬಿ ರಿಪೋರ್ಟ್ ಎನ್ನುತ್ತಾರೆ. ಅದನ್ನು ತೆಗೆದುಕೊಂಡು ಮಾರ್ಚ್ ಮೊದಲಲ್ಲಿ ತೀರ್ಥಹಳ್ಳಿಗೆ ಹೋದೆ. ನಮ್ಮ ಕೇಸುಗಳು ಆಗ ಅಲ್ಲಿಗೆ ಹೋಗುತ್ತಿದ್ದವು. ಮ್ಯಾಜಿಸ್ಟ್ರೇಟರು ನಿವೃತ್ತಿಯ ಹತ್ತಿರವಿದ್ದವರು, ಮಾತು ಕಡಿಮೆ. ಕಾಗದವನ್ನು ಎರಡು ಸಲ ಓದಿ ನನ್ನನ್ನು ಚೇಂಬರಿಗೆ ಕರೆಸಿದರು.

“ಮುದ್ದೆಮಾಲು ಎಲ್ಲಿದೆ?”

“ದೂರುದಾರರಿಗೆ ಕೊಟ್ಟೆ ಸಾರ್.”

“ಆರೋಪಿ ಎಲ್ಲಿದ್ದಾನೆ?”

“ದೂರುದಾರರ ಸಂಗಡ ಹೋದ ಸಾರ್.”

ಕನ್ನಡಕ ತೆಗೆದು ನನ್ನ ಮುಖವನ್ನೇ ನೋಡಿದರು. “ಬಿಟ್ಟಿದ್ದು ಸರಿ. ಕೊಟ್ಟಿದ್ದು ಯಾಕ್ರೀ?”

ನನಗೆ ಅರ್ಥವಾಗಲಿಲ್ಲ. ಕುಳಿತುಕೊಳ್ಳಲು ಹೇಳಿದರು. ಆಮೇಲೆ ಅರ್ಧ ಗಂಟೆ ಅವರು ಹೇಳಿದ್ದನ್ನು ನಾನು ಯಾವ ಟ್ರೈನಿಂಗಿನಲ್ಲೂ ಕೇಳಿರಲಿಲ್ಲ. ಕಂಪನಿ ಸರ್ಕಾರ ತನ್ನ ಸೀಮೆಯಲ್ಲಿ ೧೮೪೩ರಲ್ಲಿ ಒಂದು ಕಾಯಿದೆ ಮಾಡಿತಂತೆ. ಗುಲಾಮರೆಲ್ಲ ಇಂದಿನಿಂದ ಸ್ವತಂತ್ರರು ಎಂದು ಅದರಲ್ಲಿ ಡಂಗುರ ಹೊಡೆಯಲಿಲ್ಲ. ಇವನು ನನ್ನ ಗುಲಾಮ, ಕೊಡಿಸಿ ಎಂದು ಯಾರಾದರೂ ಬಂದರೆ ಯಾವ ಕೋರ್ಟೂ ಯಾವ ಅಧಿಕಾರಿಯೂ ಕೊಡಿಸಬಾರದು ಎಂದಿತು, ಅಷ್ಟೇ. ನಮ್ಮ ಮೈಸೂರು ಸೀಮೆಗೆ ಅದು ನೇರವಾಗಿ ಅನ್ವಯಿಸಿತೋ ಇಲ್ಲವೋ ತಮಗೂ ಗೊತ್ತಿಲ್ಲ ಎಂದರು. ಬ್ರಿಟಿಷರ ಸಕ್ಕರೆ ದ್ವೀಪಗಳಲ್ಲಿ ೧೮೩೪ರಲ್ಲಿ ಬಿಡುಗಡೆಯಾಯಿತು. ಆದರೆ ಕೆಲಸ ಕಲಿಯುವ ನೆಪದಲ್ಲಿ ಇನ್ನೂ ನಾಲ್ಕು ವರ್ಷ ಅದೇ ಯಜಮಾನರಿಗೇ ದುಡಿಸಿದರು. ರಷ್ಯಾದಲ್ಲಿ ಮಣ್ಣಿಗೆ ಅಂಟಿಕೊಂಡ ಜೀತದವರನ್ನು ಬಿಟ್ಟದ್ದು ೧೮೬೧ರಲ್ಲಿ. ಅಮೆರಿಕದಲ್ಲಿ ಅದಕ್ಕೂ ಹತ್ತು ವರ್ಷ ಮುಂಚೆ ಇದಕ್ಕೆ ತಿರುಗುಮುರುಗಾದ ಕಾನೂನು ಬಂದಿತ್ತು. ಗುಲಾಮರಿಲ್ಲದ ರಾಜ್ಯಕ್ಕೆ ಒಬ್ಬ ಓಡಿಬಂದರೂ ಅಲ್ಲಿನ ಅಧಿಕಾರಿಗಳೇ ಅವನನ್ನು ಹಿಡಿದು ಒಡೆಯನಿಗೆ ಒಪ್ಪಿಸಬೇಕು. ಆ ಕಾನೂನು ಹೋಗುವ ಹೊತ್ತಿಗೆ ದೊಡ್ಡ ಯುದ್ಧವೇ ಆಗಬೇಕಾಯಿತು.

“ಓಡಿಹೋದವನನ್ನ ಹಿಡಿದು ತರೋಕೆ ಸರ್ಕಾರ ಇಲ್ಲದಿದ್ರೆ ಯಾವ ಒಡೆಯನೂ ಹೆಚ್ಚು ದಿನ ಒಡೆಯ ಆಗಿರಲ್ಲ ಕಣ್ರೀ. ಬಲವಂತದ ದುಡಿಮೆ ಕೂಡದು ಅನ್ನೋ ನಮ್ಮ ಸಂವಿಧಾನದ ಇಪ್ಪತ್ಮೂರನೇ ವಿಧಿ ಬಂದು ಹನ್ನೆರಡು ವರ್ಷ ಆಯ್ತು. ನೀವು ಓದಿ ಪಾಸಾದವ್ರು. ಹಿಡಿದು ತಂದ ಕೈ ಯಾವುದು ಹೇಳಿ?”

ನನ್ನ ಕೈ ಮೇಜಿನ ಮೇಲಿತ್ತು. ಕೆಳಗಿಳಿಸಿಕೊಂಡೆ. ಬೈಸಿಕೊಂಡಿದ್ದರೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ‘ಕೋರ್ಟಿಗೇ ಕಣೋ’ ಎಂದು ಮಾತು ಕೊಟ್ಟವನು ನಾನು. ಆ ಮಾತನ್ನು ನಂಬಿ ನಡೆದು ಬಂದವನು ಅವನು.

ಅವರು ಬಿ ರಿಪೋರ್ಟನ್ನು ಒಪ್ಪದೆ ಬಾಕಿ ಇಟ್ಟರು. ಎಂಟು ದಿನದೊಳಗೆ ಆರೋಪಿಯನ್ನು ತಮ್ಮ ಮುಂದೆ ಹಾಜರುಪಡಿಸಬೇಕೆಂದು ಆರ್ಡರ್ ಬರೆದರು. ಕೇಸು ಇರುವ ತನಕ ಅವನು ಕೋರ್ಟಿನ ಸ್ವತ್ತು, ಒಡೆಯರಿಗೆ ತಡೆಯುವ ಅಧಿಕಾರವಿಲ್ಲ, ಅದು ಅವರ ಯುಕ್ತಿ. “ಅವನು ಇಲ್ಲಿ ನಿಂತ್ಕೊಳ್ಲಿ. ಎಲ್ಲಿಗೆ ಬೇಕಾದ್ರೂ ಹೋಗು ಅಂತ ನಾನೇ ಹೇಳ್ತೀನಿ” ಎಂದರು.

ಮಾರನೇ ದಿನವೇ ಆರ್ಡರ್ ಹಿಡಿದು ಒಡೆಯರ ಮನೆಗೆ ಹೋದೆ. ಕೂರಿಸಿ ಕಾಫಿ ತರಿಸಿದರು. ಆರ್ಡರ್ ಓದಿ, ಬೇಸರವನ್ನೇನೂ ತೋರಿಸದೆ ತಿಮ್ಮನನ್ನು ಕರೆಸಿದರು. ಅವನ ಎಡಗಣ್ಣಿನ ಕೆಳಗೆ ಹಳದಿಗಟ್ಟಿದ ಪೆಟ್ಟಿನ ಗುರುತಿತ್ತು.

“ನಡಿಯಪ್ಪ, ಕೋರ್ಟಿಗೆ” ಎಂದೆ.

“ನಾ ಬರಲ್ಲ ಬುದ್ದಿ. ಇಲ್ಲೇ ಇರ್ತೀನಿ.”

“ನೋಡಿ, ನಾವೇನೂ ಕಟ್ಟಿಹಾಕಿಲ್ಲ” ಎಂದರು ಒಡೆಯರು.

ಅಂದು ಜೈಲಿಗೆ ಹಾಕಿ ಎಂದು ಬೂಟು ಹಿಡಿದವನು ಇಂದು ಕರೆದೊಯ್ಯಬೇಡಿ ಎಂದು ಕೈಮುಗಿಯುತ್ತಿದ್ದ. ನಾನು ಅವನನ್ನು ಹೊರಗೆ ಹುಲ್ಲುಬಣವೆಯ ಹಿಂದಕ್ಕೆ ಕರೆದುಕೊಂಡು ಹೋಗಿ ಕೇಳಿದೆ. ಬಾಯಿ ಬಿಡಲು ಅರ್ಧ ಗಂಟೆ ಹಿಡಿಯಿತು. ಅವನನ್ನು ನಾನು ಒಪ್ಪಿಸಿದ ಮಾರನೇ ದಿನವೇ ಚೌಡಿಯನ್ನು ಹುಲಿಕಲ್ ಘಟ್ಟದ ಕೆಳಗೆ ಒಡೆಯರ ನೆಂಟರ ಮನೆಗೆ ಕಳಿಸಿದ್ದರು. ಯಾವ ಊರು, ಯಾರ ಮನೆ ಎಂದು ಇವನಿಗೆ ಹೇಳಿರಲಿಲ್ಲ. ಮತ್ತೆ ಹೊಸಿಲು ದಾಟಿದರೆ ಅವಳ ಮುಖ ನೋಡುವ ಆಸೆ ಬಿಡು ಎಂದಿದ್ದರು.

“ಹೆತ್ಲೋ ಇಲ್ಲೋ ಅದೂ ಗೊತ್ತಿಲ್ಲ ಬುದ್ದಿ. ಬದುಕಿದಾಳೋ ಸತ್ಲೋ ಅದೂ ಗೊತ್ತಿಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ, ನಮ್ಮನ್ನ ಬಿಟ್ಬಿಡಿ. ನೀವು ಬಂದಷ್ಟೂ ನಮಗೆ ಕೇಡು.”

ಈ ಕೊನೆಯ ಮಾತಿಗೆ ಆಗ ನನಗೆ ಸಿಟ್ಟು ಬಂತು. ನಿನಗಾಗಿಯೇ ಒದ್ದಾಡುತ್ತಿದ್ದೇನಲ್ಲೋ ಎಂದು.

ಉಳಿದದ್ದು ಏಳು ದಿನ. ಘಟ್ಟದ ಕೆಳಗೆ ಬೇರೆ ಜಿಲ್ಲೆ, ನನ್ನ ಅಧಿಕಾರ ಅಲ್ಲಿ ನಡೆಯದು. ಮೇಲಿನವರ ಅಪ್ಪಣೆ ಕೇಳಿದರೆ ತಿಂಗಳಾಗುತ್ತದೆ. ಕೇಳಲೇ ಇಲ್ಲ. ಆರಾಮವಿಲ್ಲವೆಂದು ರಜೆ ಬರೆದಿಟ್ಟು ಮರದ ಲಾರಿಯೊಂದರಲ್ಲಿ ಹುಲಿಕಲ್ ಘಟ್ಟ ಇಳಿದೆ. ಒಡೆಯರ ನೆಂಟಸ್ತಿಕೆ ಎಲ್ಲೆಲ್ಲಿದೆ ಎಂದು ದಫೇದಾರರು ಹೇಳಿದ್ದರು. ಮೂರು ದಿನ ಮನೆ ಮನೆ ಅಲೆದೆ. ಒಂದು ಕಡೆ ನಾಯಿ ಬಿಟ್ಟರು. ಒಂದು ಕಡೆ ಮಜ್ಜಿಗೆ ಕೊಟ್ಟು ಸುಳ್ಳು ಹೇಳಿದರು. ಇನ್ನಾಗದು, ಮುಗಿಯಿತು ಎಂದು ಹಳ್ಳ ದಾಟುವ ಒಂದು ಸಂಕದ ಮೇಲೆ ಕೂತು ಅತ್ತದ್ದೂ ಉಂಟು. ಪೊಲೀಸಿನವನು ಅಳಬಾರದೆಂದು ಯಾವ ಸೆಕ್ಷನ್ನಿನಲ್ಲೂ ಇಲ್ಲವಲ್ಲ.

ನಾಲ್ಕನೆಯ ದಿನ ಸಿಕ್ಕಳು. ದನದ ಕೊಟ್ಟಿಗೆಗೆ ಇಳಿಬಿಟ್ಟ ಮಾಡಿನ ಕೆಳಗೆ ಮಲಗಿದ್ದಳು, ಮಗ್ಗುಲಲ್ಲಿ ಹೆಣ್ಣು ಕೂಸು. ಹೆತ್ತು ನಾಲ್ಕು ದಿನವಾಗಿತ್ತು. ಕೂಸನ್ನು ತನ್ನ ಸೀರೆಯ ಹರಕಿನಲ್ಲೇ ಸುತ್ತಿದ್ದಳು. ಬಟ್ಟೆ ಇನ್ನೂ ಬಂದಿರಲಿಲ್ಲ.

ಆ ಮನೆಯ ಯಜಮಾನಿತಿ ಬಾಗಿಲಿಗೆ ಅಡ್ಡ ನಿಂತರು. ಇವಳು ಕೋರ್ಟಿನ ಸಾಕ್ಷಿ, ಕಳಿಸದಿದ್ದರೆ ನಿಮ್ಮ ಮೇಲೂ ಕೇಸಾಗುತ್ತದೆ ಎಂದು ಹಸಿಸುಳ್ಳು ಹೇಳಿದೆ.

“ಹಸಿ ಬಾಣಂತಿ ಮಾರಾಯ್ರೆ, ಘಟ್ಟ ಹತ್ತುಕ್ ಆತ್ತಾ?” ಎಂದರು ಆಕೆ. ಅವರಿಗೂ ಒಳಗೊಳಗೆ ಕನಿಕರವಿತ್ತೆಂದು ಕಾಣುತ್ತದೆ. ದಾರಿ ಬಿಟ್ಟರು.

ಚೌಡಿ ಮಾತ್ರ ಏಳಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಅವ್ರನ್ನ ಹಿಡ್ಕಂಡ್ ಬಂದೋರು ನೀವೇ ಅಲ್ದಾ?”

ಹೌದು ಎಂದೆ. ಅದಕ್ಕಿಂತ ಕಷ್ಟದ ತಪ್ಪೊಪ್ಪಿಗೆಯನ್ನು ನಾನು ಯಾವ ಕೇಸಿನಲ್ಲೂ ಬರೆಸಿಲ್ಲ.

“ಹಂಗಾರೆ ಅವ್ರು ಎಲ್ಲಿದಾರೆ ಅಂತ ನಿಮಗೇ ಗೊತ್ತು” ಎಂದು ಗೋಡೆ ಹಿಡಿದು ಎದ್ದಳು. ನನ್ನನ್ನು ನಂಬಿ ಎದ್ದವಳಲ್ಲ, ಬೇರೆ ಗತಿಯಿಲ್ಲದೆ ಎದ್ದವಳು.

ಉಪ್ಪಿನ ಲಾರಿಯೊಂದರ ಡ್ರೈವರ್ ಪುಣ್ಯಾತ್ಮ, ಅವಳನ್ನು ಮುಂದಿನ ಸೀಟಿನಲ್ಲಿ ಮಲಗಿಸಿಕೊಂಡು ಘಟ್ಟ ಹತ್ತಿಸಿದ. ತಿರುವಿಗೊಮ್ಮೆ ನರಳುತ್ತಿದ್ದಳು. ಈ ಹೆಂಗಸು ದಾರಿಯಲ್ಲೇ ಸತ್ತರೆ ಎಂದು ಹೆದರಿಕೊಂಡೇ ಕುಳಿತಿದ್ದೆ. ನಮ್ಮ ಕ್ವಾರ್ಟರ್ಸಿನಲ್ಲಿ ನನ್ನ ಹೆಂಡತಿ ಅವಳಿಗೆ ಬಿಸಿನೀರು ಹಾಕಿ, ಕೂಸಿಗೆ ನಮ್ಮ ಮಗುವಿನ ಹಳೆ ಅಂಗಿ ತೊಡಿಸಲು ಹೋದಳು. ಚೌಡಿ ಬೇಡವೇ ಬೇಡ ಎಂದಳು. ಬೇರೆಯವರ ಬಟ್ಟೆಯನ್ನು ಕೂಸಿನ ಮೈಮೇಲೆ ಹಾಕಲು ಕೊನೆಗೂ ಬಿಡಲಿಲ್ಲ.

ಎಂಟನೇ ದಿನ, ಚೌಡಿ ನಮ್ಮ ಮನೆಯಲ್ಲಿದ್ದಾಳೆ ಎಂದು ಗುಟ್ಟಾಗಿ ಹೇಳಿ ತಿಮ್ಮನನ್ನು ಕರೆತಂದು ಹೆಂಡತಿ ಮಗುವನ್ನು ತೋರಿಸಿದೆ. ಅವನು ಅಳಲೂ ಇಲ್ಲ, ನಗಲೂ ಇಲ್ಲ. ಕೂಸಿನ ಮೈಯೆಲ್ಲ ಮುಟ್ಟಿ ಮುಟ್ಟಿ ನೋಡಿ, “ಹಾಕಿಲ್ಲ ಅಲ್ದಾ?” ಎಂದು ಹೆಂಡತಿಯನ್ನು ಕೇಳಿದ. ಅವಳು ಇಲ್ಲ ಎಂದು ತಲೆಯಾಡಿಸಿದಳು. ಮೂವರನ್ನೂ ತೀರ್ಥಹಳ್ಳಿಗೆ ಕರೆದೊಯ್ದೆ. ಮ್ಯಾಜಿಸ್ಟ್ರೇಟರು ಹೇಳಿದಂತೆಯೇ ಹೇಳಿದರು: ನೀನು ಯಾರ ಆಳೂ ಅಲ್ಲ, ಎಲ್ಲಿಗೆ ಬೇಕಾದರೂ ಹೋಗು. ಆದರೆ ದೂರುದಾರರ ಹೇಳಿಕೆ ಪಡೆದ ಮೇಲೆಯೇ ಕೇಸನ್ನು ಮುಗಿಸಬೇಕು, ಅದು ಪದ್ಧತಿ. ಅಲ್ಲಿಯ ತನಕ ಕರೆದಾಗ ಬರಬೇಕು ಎಂದೂ ಹೇಳಿದರು. ಒಡೆಯರ ಮೇಲೆ ದೂರು ಕೊಡುತ್ತೀಯಾ ಎಂದು ಕೇಳಿದಾಗ ತಿಮ್ಮ ಬೇಡ ಎಂದು ಕೈಮುಗಿದ. ಅದೇ ಸಂಜೆ ಸಾಗರದ ಬಸ್ಸು ಹತ್ತಿಸಿದೆ. ಕಾರ್ಗಲ್ಲಿನ ಓವರ್ಸಿಯರಿಗೆ ಒಂದು ಕಾಗದ ಬರೆದುಕೊಟ್ಟೆ.

ದೂರುದಾರರು ಎರಡು ಸಲ ವಾಯಿದೆ ತಪ್ಪಿಸಿದರು. ಮೇ ಕೊನೆಯಲ್ಲಿ ಬಂದು ಹೇಳಿಕೆ ಕೊಟ್ಟರು, ಕೇಸು ಮುಗಿಯಿತು. ಆರ್ಡರಿನ ನಕಲು ಕೈಗೆ ಬಂದ ದಿನ ನನಗೆ ಹಿಡಿಸಲಾರದಷ್ಟು ಸಂತೋಷ. ಪೋಸ್ಟಿನಲ್ಲಿ ಕಳಿಸಬಹುದಿತ್ತು. ಓವರ್ಸಿಯರಿಗೆ ತಿಳಿಸಿದ್ದರೂ ಸಾಕಿತ್ತು. ನಾನೇ ಹೋಗಿ ಹೇಳಬೇಕು, ಅವನ ಮುಖ ಅರಳುವುದನ್ನು ನೋಡಬೇಕು ಎಂಬ ಆಸೆ. ಇನ್ನೊಂದು ಆಸೆಯನ್ನೂ ಮುಚ್ಚಿಡುವುದಿಲ್ಲ. ಹತ್ತು ಜನರ ಮುಂದೆ ಅವನು ನನಗೆ ಕೈಮುಗಿಯಬೇಕಿತ್ತು. ಇಸ್ತ್ರಿ ಮಾಡಿದ ಖಾಕಿ, ಟೋಪಿ, ಬೆಲ್ಟು ಎಲ್ಲ ಹಾಕಿಕೊಂಡು ದಫೇದಾರರ ಜೊತೆ ಹೊರಟೆ, ಫೆಬ್ರವರಿಯಲ್ಲಿ ಹೋದ ಹಾಗೆಯೇ.

ಕೂಲಿಕಾರರ ಲೈನಿನ ತಲೆಯಲ್ಲಿ ನಿಂತು ಅವನ ಮನೆ ಯಾವುದೆಂದು ವಿಚಾರಿಸುತ್ತಿದ್ದೆ. ದೂರದಲ್ಲಿ ನೀರು ತರುತ್ತಿದ್ದ ತಿಮ್ಮ ಕಂಡ. ನಾನು ಕೈಯೆತ್ತಿ ಕೂಗಿದೆ. ಅವನು ನೋಡಿದ. ನೀರಿನ ಡಬ್ಬಿ ಎರಡನ್ನೂ ಅಲ್ಲೇ ಬಿಟ್ಟು ಮನೆಯೊಳಗೆ ನುಗ್ಗಿದ. ನಾವು ಅಲ್ಲಿಗೆ ಓಡಿಹೋಗುವಷ್ಟರಲ್ಲಿ ಹಿಂಬದಿಯ ತಡಿಕೆ ಕಿತ್ತುಹೋಗಿತ್ತು. ಅದರಾಚೆ ಕಾಡು. ನಾನು ಕೂಗಿದೆ, “ತಿಮ್ಮಪ್ಪಾ, ಕೇಸು ಮುಗೀತು! ಕೇಸು ಮುಗೀತಪ್ಪಾ!” ಕತ್ತಲಾಗುವ ತನಕ ಕೂಗಿದೆ. ಒಳಗೆ ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ಹಗ್ಗಕ್ಕೆ ಕಟ್ಟಿದ ಸೀರೆಯ ತೊಟ್ಟಿಲು ಬೆಚ್ಚಗೇ ಇತ್ತು.

ಓವರ್ಸಿಯರ್ ಬಂದು ಎಲ್ಲ ಕೇಳಿ, “ಒಳ್ಳೇ ಸುದ್ದಿ ತಂದಿದ್ರಿ, ಸರಿ. ಈ ಬಟ್ಟೆ ಯಾಕೆ ಹಾಕ್ಕೊಂಡ್ ಬಂದ್ರಿ ಸಾರ್?” ಎಂದರು. ಮೂರನೇ ದಿನ ಮಳೆ ಹಿಡಿಯಿತು. ಎರಡು ತಿಂಗಳು ತುಂಬಿದ ಕೂಸು, ತಲೆಯ ಮೇಲೆ ಸೂರಿಲ್ಲ. ಜೋಗ, ಸಾಗರ, ಭದ್ರಾವತಿ, ಘಟ್ಟದ ಕೆಳಗೆ, ಎಲ್ಲ ಕಡೆ ಹುಡುಕಿಸಿದೆ. ಆಮೇಲೆ ಹುಡುಕಿಸುವುದನ್ನೂ ಬಿಟ್ಟೆ. ಖಾಕಿಯವರು ವಿಚಾರಿಸಿದಷ್ಟೂ ಅವರು ದೂರ ಓಡುತ್ತಾರೆ ಎಂದು ಆಗ ಹೊಳೆಯಿತು.

ಅನಂತರ ಮೂವತ್ತು ವರ್ಷ ಸರ್ವಿಸು ಮಾಡಿದೆ. ಆಳು ಕದ್ದ ಎಂದು ಯಾವ ಯಜಮಾನ ಬಂದರೂ ಏನು ಕದ್ದ ಎಂದು ಕೇಳುವ ಮೊದಲು, ಅವನು ಯಾವಾಗ ಬೇಕಾದರೂ ನಿಮ್ಮ ಮನೆ ಬಿಟ್ಟು ಹೋಗಬಹುದಿತ್ತೋ ಇಲ್ಲವೋ ಎಂದು ಕೇಳಿದ್ದೇನೆ. ಎಷ್ಟೋ ಜನ ಅದಕ್ಕೆ ಉತ್ತರ ಕೊಡದೆ ಎದ್ದುಹೋದರು. ಜೀತ ನಿಷೇಧದ ಕಾಯಿದೆ ಬಂದದ್ದು ೧೯೭೬ರಲ್ಲಿ. ಕೈಕೆಳಗಿನವರಿಗೆ ಅದನ್ನು ಓದಿ ಹೇಳುವಾಗಲೆಲ್ಲ ಒಂದು ಮಾತು ಸೇರಿಸುತ್ತಿದ್ದೆ: ಹಿಡಿಯುವುದನ್ನು ನಿಲ್ಲಿಸಿದರೆ ಸಾಲದು, ಹಿಡಿಯುವುದಿಲ್ಲ ಎಂದು ಅವರಿಗೆ ನಂಬಿಕೆ ಬರಬೇಕು, ಅದು ಬರುವ ತನಕ ಬಿಡುಗಡೆಯಾಗಲಿಲ್ಲ ಎಂದೇ ತಿಳಿಯಿರಿ. ನನಗೆ ಗೊತ್ತಿದ್ದ ಪಾಠ ಅದೊಂದೇ. ಕೋರ್ಟಿನ ಲೆಕ್ಕದಲ್ಲಿ ಆ ಕೇಸು ೧೯೬೨ರ ಮೇ ತಿಂಗಳಲ್ಲೇ ಮುಗಿಯಿತು. ತಿಮ್ಮಪ್ಪನಿಗೆ ಅದನ್ನು ಯಾರೂ ಹೇಳಿಲ್ಲ.